ಕೆರೆಯ ಹೊಣೆ ಪಂಚಾಯಿತಿಗೆ, ಅಧಿಕಾರ ಇಲಾಖೆಗಳಿಗೆ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಕೆರೆಗಳ ಹೂಳೆತ್ತುವ ಮಾತು ಪ್ರತಿವರ್ಷ ಕೇಳಿಬರುತ್ತದೆ. ಹೂಳಿಗೆ ಎಷ್ಟು ಅನುದಾನ ಎಂಬುದರ ಸುತ್ತಲೇ ಚರ್ಚೆ ಮುಗಿದುಹೋಗುವುದರಿಂದ, ಊರ ಕೆರೆಯ ಬಗ್ಗೆ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರಿಗಿದೆ ಎಂಬ ಮೂಲ ಪ್ರಶ್ನೆ ಹಿಂದೆ ಸರಿಯುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬೇಸಾಯ ಮಾಡಿಕೊಂಡು ಬಂದ ಕೋಲಾರ ಜಿಲ್ಲೆಯವನಾಗಿ ಈ ಕುರಿತು ಕೆಲವು ಮಾತು ಬರೆಯುತ್ತಿದ್ದೇನೆ.

ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹರಿಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯದು, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಕೆರೆಯಂಗಳದ ಅಳತೆಗೆ ಸರ್ವೆ ಇಲಾಖೆಗೂ ಒತ್ತುವರಿ ತೆರವಿಗೆ ತಹಶೀಲ್ದಾರರಿಗೂ ಅರ್ಜಿ ಕೊಡಬೇಕು. ಅಂಗಳದಲ್ಲಿ ಬೆಳೆದ ಜಾಲಿ ಕಡಿಯಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಕೇಳಬೇಕು. ಹಲವು ಕೆರೆಗಳ ಮೀನಿನ ಗುತ್ತಿಗೆ ಮೀನುಗಾರಿಕೆ ಇಲಾಖೆಯ ಕೈಯಲ್ಲಿದೆ. ಆದರೆ ಕೆರೆ ಕೆಟ್ಟಾಗ ಊರಿನವರು ಜಗಳಕ್ಕೆ ಹೋಗುವುದು ಮಾತ್ರ ತಾವು ಮತ ಹಾಕಿದ ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ.

ತೂಬು ಸೋರುವ ಕೆರೆಯನ್ನೇ ನೋಡಿ. ದುರಸ್ತಿಗೆ ಅಂದಾಜುಪಟ್ಟಿ ತಯಾರಾಗಿ, ಕಡತ ತಾಲ್ಲೂಕು ಕೇಂದ್ರ ದಾಟಿ, ಮಂಜೂರಾಗಿ ಬರುವುದರೊಳಗೆ ತುಂಬಿದ ನೀರೆಲ್ಲ ಕಾಲುವೆಗುಂಟ ಹರಿದುಹೋಗಿರುತ್ತದೆ. ಅಷ್ಟರವರೆಗೆ ರೈತರು ಹುಲ್ಲಿನ ಕಂತೆ, ಮಣ್ಣು ತುಂಬಿದ ಗೊಬ್ಬರದ ಚೀಲ ತುರುಕಿ ತೂಬು ಮುಚ್ಚಲು ಹೆಣಗುತ್ತಾರೆ. ಹಿಂದೆ ಈ ಕೆಲಸಕ್ಕೆ ನೀರುಗಂಟಿಗಳಿದ್ದರು. ತೂಬು ಎಷ್ಟು ಎತ್ತಬೇಕು, ಕೊನೆಯ ಗದ್ದೆಗೆ ನೀರು ಯಾವಾಗ ಮುಟ್ಟಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆಯನ್ನು ನಾನು ಆಕ್ಷೇಪಿಸುವುದಿಲ್ಲ. ಜಾತಿಗೆ ಅಂಟಿಕೊಂಡ ಚಾಕರಿ ಹೋಗಲೇಬೇಕಿತ್ತು, ಆದರೆ ಕೆರೆ ಕಾಯುವ ಕೆಲಸಕ್ಕೆ ಸಂಬಳದ ಆಳನ್ನು ನೇಮಿಸುವ ಯೋಚನೆ ಯಾರಿಗೂ ಬರಲಿಲ್ಲ. ಪಂಚಾಯಿತಿಯ ಈಗಿನ ನೀರುಗಂಟಿಗೆ ಕೊಳವೆಬಾವಿಯ ಮೋಟಾರು ಹಾಕಿ ಆರಿಸುವುದರಲ್ಲೇ ದಿನ ಕಳೆಯುತ್ತದೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿದ್ದು, ಸಣ್ಣ ನೀರಾವರಿ ಮತ್ತು ಜಲ ನಿರ್ವಹಣೆ, ಮೀನುಗಾರಿಕೆ, ಸಾಮಾಜಿಕ ಅರಣ್ಯ ಮೂರೂ ಅದರಲ್ಲಿವೆ. ಅಂದರೆ ಕೆರೆಯ ನೀರು, ಮೀನು, ಮರ ಎಲ್ಲಕ್ಕೂ ಸಂವಿಧಾನದಲ್ಲೇ ದಾರಿಯಿದೆ. ಸರ್ಕಾರಗಳು ಹಿಡಿದದ್ದು ಬೇರೆ ದಾರಿ. ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆಯ ಕಾಲದಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲಾಯಿತು. ಚುನಾಯಿತ ಪಂಚಾಯಿತಿ ಇರುವಲ್ಲೇ ಇನ್ನೊಂದು ಸಂಘ ಕಟ್ಟುವುದು, ಯೋಜನೆ ಮುಗಿದ ಮೇಲೆ ಅದನ್ನು ಕೇಳುವವರಿಲ್ಲದಂತೆ ಬಿಡುವುದು ಸರಿಯಾದ ಕ್ರಮವಲ್ಲ. ಇನ್ನು ಸಣ್ಣ ಕೆರೆಗಳ ಒಡೆತನ ಹೊಂದಿದ ಜಿಲ್ಲಾ ಪಂಚಾಯಿತಿಗಳಿಗೋ, 2021ರಲ್ಲಿ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಗಳು ತುಂಬಿದ್ದರಿಂದ ಅನುಕೂಲವಾಗಿದೆ ಎಂದು ಒಪ್ಪುತ್ತೇನೆ. ಎರಡು ಹಂತದ ಸಂಸ್ಕರಣೆಯಷ್ಟೇ ಸಾಕೇ, ಮೂರನೆಯ ಹಂತವೂ ಬೇಕೇ ಎಂಬ ವಾದ ನ್ಯಾಯಾಲಯದವರೆಗೂ ಹೋಗಿದೆ. ನೀರಿನ ಗುಣಮಟ್ಟದ ವರದಿಯನ್ನು ಅದೇ ಕೆರೆಯ ಮೀನು ತಿನ್ನುವ, ದನಕ್ಕೆ ನೀರು ಕುಡಿಸುವ ಜನರ ಗ್ರಾಮಸಭೆಯಲ್ಲಿ ಓದಿ ಹೇಳುವುದನ್ನು ಕಡ್ಡಾಯ ಮಾಡಲು ಏನು ಅಡ್ಡಿ?

ಪಂಚಾಯಿತಿಗೆ ಅಧಿಕಾರ ಕೊಟ್ಟರೆ ಒತ್ತುವರಿದಾರರ ಕೈಗೇ ಕೆರೆ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕೆರೆಯಂಚಿನ ಜಮೀನುದಾರರೇ ಸದಸ್ಯರಾಗಿರುವ, ಅಥವಾ ಸದಸ್ಯರ ನೆಂಟರಾಗಿರುವ ಊರುಗಳುಂಟು. ಆದರೆ ಇಷ್ಟು ವರ್ಷ ಅಧಿಕಾರ ಇಲಾಖೆಗಳಲ್ಲೇ ಇದ್ದಾಗಲೂ ಒತ್ತುವರಿ ನಿಲ್ಲಲಿಲ್ಲವಲ್ಲ! ಅಳತೆ ಮತ್ತು ತೆರವಿನ ಅಧಿಕಾರ ಕಂದಾಯ ಇಲಾಖೆಯಲ್ಲೇ ಉಳಿಯಲಿ, ಆದರೆ ಸರ್ವೆ ನಕ್ಷೆ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಗಡಿಕಲ್ಲು ಎಲ್ಲಿತ್ತು ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ.

ಸರ್ಕಾರ ಮೊದಲು ಮಾಡಬೇಕಾದದ್ದು, ಸಣ್ಣ ಕೆರೆಗಳ ಮೀನು, ಜಾಲಿ ಮತ್ತು ಹೂಳಿನ ಮಣ್ಣಿನಿಂದ ಬರುವ ಹಣವೆಲ್ಲ ಗ್ರಾಮ ಪಂಚಾಯಿತಿಯ ಪ್ರತ್ಯೇಕ ಖಾತೆಗೆ ಜಮೆಯಾಗುವಂತೆ ಆದೇಶ ಹೊರಡಿಸುವುದು. ಆ ಹಣದಿಂದ ತೂಬು ಕಾಯುವ ಒಬ್ಬರಿಗೆ ಸಂಬಳ ಕೊಡಬೇಕು, ಏರಿ ಮತ್ತು ಕೋಡಿಯ ಸಣ್ಣಪುಟ್ಟ ದುರಸ್ತಿಯನ್ನು ಮೇಲಿನ ಮಂಜೂರಾತಿಗೆ ಕಾಯದೆ ಮಾಡಲು ಅವಕಾಶವಿರಬೇಕು, ಖರ್ಚಿನ ಲೆಕ್ಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪ್ರತಿ ಗ್ರಾಮಸಭೆಯಲ್ಲಿ ಓದಬೇಕು. ಇದಕ್ಕೆ ಹೊಸ ಪ್ರಾಧಿಕಾರವಾಗಲಿ ಹೊಸ ಸಂಘವಾಗಲಿ ಬೇಕಿಲ್ಲ.

ಇತಿ,
ಕೆರೆ ಅಚ್ಚುಕಟ್ಟಿನ ಒಬ್ಬ ರೈತ
ಕೋಲಾರ ಜಿಲ್ಲೆ