ತೆನೆ ಕೊಟ್ಟ ಆ ಬಾಯಮ್ಮನಿಗೆ

ಸೆಪ್ಟೆಂಬರ್ 8, ಮೊಂತಿ ಹಬ್ಬ. ಮೇರಿ ಮಾತೆಯ ಹುಟ್ಟುಹಬ್ಬ, ಮನೆಯವರೆಲ್ಲ ಸೇರಿ ಹೊಸ ತೆನೆಯ ಊಟ ಮಾಡುವ ದಿನ. ಮಂಗಳೂರು ಕಡೆಯ ನಮ್ಮ ಚರ್ಚಿನಲ್ಲಿ ಬಲಿಪೂಜೆ ಮುಗಿದು ಹೊಸ ತೆನೆ ಹಂಚುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ನೀವು, ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಹೇಳುವುದಾದರೆ ಬಾಯಮ್ಮ, ಇನ್ನೊಂದು ತೆನೆ ನನ್ನ ಕೈಗಿಟ್ಟು, "ಇದು ನಿಮ್ಮ ಅಣ್ಣನ ಮನೆಗೆ" ಎಂದಿರಿ. ಅಷ್ಟೇ. ಜಾಗದ ಗಲಾಟೆಯಲ್ಲಿ ಅಣ್ಣನೂ ನಾನೂ ಮಾತು ಬಿಟ್ಟು ನಾಲ್ಕು ವರ್ಷ ಆಗಿದ್ದು ಊರಿಗೆಲ್ಲ ಗೊತ್ತಿತ್ತು ಬಿಡಿ.

ಅಣ್ಣನ ಗೇಟಿನ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಒದ್ದೆ ತೆನೆಯಿಂದ ನಾಲ್ಕು ಕಾಳು ಅಲ್ಲೇ ಉದುರಿದವು. ಅತ್ತಿಗೆ ಬಾಗಿಲು ತೆಗೆದರು. ಅಣ್ಣ ಏನೂ ಕೇಳಲಿಲ್ಲ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಮೊದಲ ಲೋಟ ನನಗೇ ಕೊಟ್ಟ. ತಪ್ಪು ನನ್ನದೇ ಜಾಸ್ತಿ ಇತ್ತು. ಅದನ್ನೂ ಹೇಳಿಬಿಟ್ಟೆ. ಆಮೇಲೆ ಎಲೆ ಹಾಕಿ ಎಲ್ಲರೂ ಒಟ್ಟಿಗೆ ಉಂಡೆವು, ಮೀನಿಲ್ಲದ ಹಬ್ಬದೂಟ.

ಮುಂದಿನ ಭಾನುವಾರ ಹುಡುಕಿದೆ, ನೀವು ಕಾಣಲಿಲ್ಲ. ಹೆಸರೂ ಕೇಳಿರಲಿಲ್ಲ ನಾನು. ತುಂಬಾ ಥ್ಯಾಂಕ್ಸ್, ಬಾಯಮ್ಮ.