ತಿಕ್ಕುವ ಮುನ್ನ ಗಮನಿಸಿ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ಟಿಗೆಗಳಲ್ಲಿ ಸಿಗುವ, ಅಂಚಿನಲ್ಲಿ ಬೇರೆ ಬೇರೆ ಅಗಲದ ಕಚ್ಚುಗಳಿರುವ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಹಲವರು ತಂತಿ ಬಗ್ಗಿಸುವ ಸಾಧನವೆಂದು ಊಹಿಸುತ್ತಾರೆ. ಆದರೆ ಅದು ಬಡಗಿಯು ಗರಗಸದ ಹಲ್ಲುಗಳಲ್ಲಿ ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸುವೇ ಬಾಗಿಸಲು ಬಳಸುತ್ತಿದ್ದ ಕೈ ಉಪಕರಣವಾಗಿರುವ ಸಾಧ್ಯತೆಯೇ ಹೆಚ್ಚು. ಹಲ್ಲುಗಳು ಹೀಗೆ ಬಾಗಿದ್ದರೆ ಕೊಯ್ದ ಸೀಳು ಅಲಗಿನ ದಪ್ಪಕ್ಕಿಂತ ಅಗಲವಾಗಿ, ಗರಗಸವು ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅಲಗಿನ ದಪ್ಪಕ್ಕೆ ತಕ್ಕಂತೆ ಒಂದೊಂದು ಕಚ್ಚು.

ಇಂಥ ವಸ್ತು ಸಿಕ್ಕೊಡನೆ ಉಪ್ಪುಕಾಗದದಿಂದ ತಿಕ್ಕಿ ಹೊಳಪೇರಿಸುವ ಉತ್ಸಾಹ (ನಾನೂ ಒಮ್ಮೆ ಹಾಗೆ ಮಾಡಿ ಪರಿತಪಿಸಿದ್ದೇನೆ) ಸಲ್ಲದು. ಹಿಡಿದು ಹಿಡಿದು ನುಣುಪಾದ ಭಾಗ, ಸುತ್ತಿಗೆಯ ಪೆಟ್ಟು ಬಿದ್ದ ತಲೆ, ಒಂದೇ ಬದಿಗೆ ಸವೆದ ಅಂಚು ಇವು ತುಕ್ಕಿನ ಜೊತೆಗೇ ಅಳಿಸಿಹೋಗುತ್ತವೆ. ಉಪಕರಣದ ಕೆಲಸವನ್ನು ತಿಳಿಸಬಲ್ಲ ಸಾಕ್ಷಿಗಳೂ ಅವೇ. ಛಾಯಾಚಿತ್ರ ತೋರಿಸಿ ವಿಚಾರಿಸುವವರು ಉದ್ದ ಮತ್ತು ತೂಕವನ್ನೂ ತಿಳಿಸಿದರೆ ಉತ್ತರಿಸುವುದು ಸುಲಭ.

ಇತಿ,
ಓರ್ವ ಓದುಗ