‘ಸಾಲ’ ಎಂದರಷ್ಟೇ ಸಾಲದು

ಸಂಪಾದಕರೇ,

ನಿಮ್ಮ ಪತ್ರಿಕೆಯ ‘ದಿನಕ್ಕೊಂದು ಇಂಗ್ಲಿಷ್ ಪದ’ವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವುದು 7ನೇ ತರಗತಿಯ ನನ್ನ ಮೊಮ್ಮಗಳ ಬೆಳಗಿನ ಕೆಲಸ. ಮೈದಾ ಅಂಟು ಕಾಯಿಸಿಕೊಡುವುದು ನನ್ನ ಕೆಲಸ. ಹಿಂದಿನ ವಾರ ‘ಲೆಂಡ್: ಸಾಲ’ ಎಂದಿತ್ತು. ಮೊನ್ನೆ ‘ಬಾರೋ: ಸಾಲ’ ಎಂದು ಬಂತು. ಎರಡೂ ಒಂದೇ ಎಂದುಕೊಂಡ ಹುಡುಗಿ ತರಗತಿಯಲ್ಲಿ ‘ಕ್ಯಾನ್ ಐ ಲೆಂಡ್ ಯುವರ್ ಪೆನ್?’ ಎಂದು ಕೇಳಿ ನಗೆಪಾಟಲಾಗಿ ಬಂದಳು.

ನಮ್ಮಲ್ಲಿ ಕೊಟ್ಟರೂ ಸಾಲ, ತಂದರೂ ಸಾಲ. ಇಂಗ್ಲಿಷಿನಲ್ಲಿ ಕೊಡುವುದು ಲೆಂಡ್, ಪಡೆಯುವುದು ಬಾರೋ. 30 ವರ್ಷ ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಲೆಡ್ಜರ್ ಬರೆದ ನಾನೂ ಇದನ್ನು ಅವಳಿಗೆ ಮೊದಲೇ ಹೇಳಲಿಲ್ಲ, ಅದು ನನ್ನ ತಪ್ಪು. ‘ಅವಳು ನನಗೆ ಪೆನ್ ಲೆಂಡ್ ಮಾಡಿದಳು, ನಾನು ಅವಳಿಂದ ಬಾರೋ ಮಾಡಿದೆ’ ಎಂದು ಎರಡು ವಾಕ್ಯ ಹೇಳಿದ ಮೇಲೆ ಮತ್ತೆ ತಪ್ಪಲಿಲ್ಲ.

ಸೀ, ಲುಕ್, ವಾಚ್ ಮೂರಕ್ಕೂ ‘ನೋಡು’ ಎಂದೇ ಅಚ್ಚಾಗಿದೆ. ಮಗು ಯಾವುದನ್ನು ಎಲ್ಲಿ ಬಳಸಬೇಕು? 1894ರಷ್ಟು ಹಿಂದೆಯೇ ಕಿಟೆಲ್ ತಮ್ಮ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳನ್ನೂ ಕೊಟ್ಟಿದ್ದರು. ನೀವು ಪಕ್ಕದ ನಟಿಯ ಚಿತ್ರವನ್ನು ಎರಡು ಬೆರಳಿನಷ್ಟು ಕಿರಿದು ಮಾಡಿದರೆ ಒಂದು ಉದಾಹರಣೆ ವಾಕ್ಯಕ್ಕೆ ಧಾರಾಳವಾಗಿ ಜಾಗವಾಗುತ್ತದೆ.

– ನಿವೃತ್ತ ಗುಮಾಸ್ತ, ತೀರ್ಥಹಳ್ಳಿ